ಹದಿನೇಳನೇ ಮನೆಯ ಡಬ್ಬಿಯ ತೂಕ

ಬೆಳಗಿನ ಆರೂಕಾಲು. ಬೆಥೆಲ್ ಸಾಲುಮನೆಗಳ ಹಿತ್ತಿಲ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಗುಡ್ಡದ ನೆತ್ತಿಯಿಂದ ಇಳಿದ ಮಂಜು ಹೊಗೆಗೂಡುಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ನಿಂತಿದೆ. ಎಲ್ವಿನ್ ಪ್ರಾಬರ್ಟ್ ಹದಿನೇಳನೇ ಮನೆಯ ಹಿಂದಿನ ಗೇಟನ್ನು ಮೊಣಕೈಯಿಂದ ತಳ್ಳುತ್ತಾರೆ. ಗೇಟು ಕಿರುಗುಟ್ಟುವುದಿಲ್ಲ. ಅದಕ್ಕೆ ಎಣ್ಣೆ ಬಿಟ್ಟವರು ಅವರೇ. ಒಂಬತ್ತು ಮೆಟ್ಟಿಲು ಹತ್ತಿದರೆ ಅಡುಗೆಮನೆಯ ಬಾಗಿಲು. ಬಾಗಿಲ ಪಕ್ಕದಲ್ಲಿ, ನರಿಗಳು ಮೂತಿ ತೂರಿಸದಂತೆ ಹಿಡಿಕೆ ಬಿಗಿದ ಹಸಿರು ಡಬ್ಬಿ. ವಾರಪೂರ್ತಿಯ ಅಡುಗೆ ಕಸ, ತಿಂದು ಉಳಿದದ್ದು ಎಲ್ಲ ಅದರಲ್ಲಿ.

ಎಲ್ವಿನ್ ಡಬ್ಬಿಯನ್ನು ಎತ್ತುತ್ತಾರೆ. ಎತ್ತಿದವರು ಕೂಡಲೇ ಹೊರಡುವುದಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಡಬ್ಬಿ ಕೈಯಲ್ಲಿ ತೂಗುತ್ತಿದ್ದ ಹಾಗೇ, ಸುಮ್ಮನೆ ನಿಲ್ಲುತ್ತಾರೆ.

"ಏನಪ್ಪಾ, ಚಿನ್ನ ತೂಗ್ತಿದೀಯಾ?" ಓಣಿಯ ತುದಿಯಲ್ಲಿ ನಿಂತ ಲಾರಿಯ ಕಿಟಕಿಯಿಂದ ಚಾಲಕ ಮಾಲ್ಡ್ವಿನ್ ತಲೆ ಹೊರಹಾಕುತ್ತಾರೆ. "ಇನ್ನೂ ಆರುನೂರು ಮನೆ ಇದೆ ಮಾರಾಯ!"

"ಬಾಯಿ ಮುಚ್ಕೊಂಡು ಗೇರ್ ಹಾಕೋ ನೀನು," ಎನ್ನುತ್ತಾ ಎಲ್ವಿನ್ ಮೆಟ್ಟಿಲಿಳಿಯುತ್ತಾರೆ. ಲಾರಿ ಹತ್ತುವಾಗ, ಕೇಳದಿದ್ದರೂ, ಒಂದೇ ಮಾತು ಹೇಳುತ್ತಾರೆ: "ಹಗುರ ಇದೆ."

ಮಾಲ್ಡ್ವಿನ್ ತಲೆಯಾಡಿಸಿ ಲಾರಿ ಮುಂದೆ ಬಿಡುತ್ತಾರೆ. ಕಳೆದ ಚಳಿಗಾಲದಿಂದ ಪ್ರತಿ ಮಂಗಳವಾರವೂ ಇವರಿಬ್ಬರ ನಡುವೆ ನಡೆಯುವ ಮಾತು ಇಷ್ಟೇ.

ಎಲ್ವಿನ್ ಅವರಿಗೆ ಈಗ ಐವತ್ತೊಂಬತ್ತು. ವೇಲ್ಸ್‌ನ ಕೂಮ್‌ಹೆಲಿಗ್ ಕಣಿವೆಯಲ್ಲಿ ಕೌನ್ಸಿಲ್‌ನ ಕಸದ ಲಾರಿಯ ಹಿಂದೆ ನಡೆಯಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಏಳುನೂರ ಎಂಬತ್ತು ಮನೆ, ಹನ್ನೊಂದು ಮೈಲಿ ನಡಿಗೆ, ವರ್ಷಕ್ಕೆ ಎರಡು ಜೊತೆ ಬೂಟು. ಕಣಿವೆಯಲ್ಲಿ ಸಮತಟ್ಟಾದ ಬೀದಿ ಒಂದೂ ಇಲ್ಲ. ಹತ್ತುವುದು, ಇಲ್ಲವೇ ಇಳಿಯುವುದು. ಎಡಮಂಡಿ ಮಳೆಗೆ ಮುಂಚೆಯೇ ಮಳೆ ಹೇಳುತ್ತದೆ. ಏಳುನೂರ ಎಂಬತ್ತರಲ್ಲಿ ಹನ್ನೊಂದು ಮನೆಗಳು 'ಹಿತ್ತಿಲ ಪಟ್ಟಿ'ಯವು. ಡಬ್ಬಿಯನ್ನು ರಸ್ತೆವರೆಗೆ ತಂದಿಡಲು ಆಗದ ವಯಸ್ಸಾದವರು, ಕಾಲಿಲ್ಲದವರು, ಕಣ್ಣು ಮಂಜಾದವರು. ಅವರ ಹಿತ್ತಿಲ ಬಾಗಿಲಿಗೇ ಹೋಗಿ ಡಬ್ಬಿ ತಂದು, ಖಾಲಿಮಾಡಿ, ಮತ್ತೆ ಅಲ್ಲೇ ಇಟ್ಟು ಬರಬೇಕು. ಉಳಿದ ಕೆಲಸಗಾರರಿಗೆ ಈ ಪಟ್ಟಿ ಎಂದರೆ ತಲೆನೋವು, ಹೊತ್ತು ಹಾಳು. ಎಲ್ವಿನ್ ಅದನ್ನು ಕೇಳಿ ಪಡೆದವರು.

"ಕಸದವನಿಗೆ ಮುಖ ಇರಲ್ಲ," ಎನ್ನುತ್ತಾರೆ ಅವರು. "ಹಳದಿ ಕೋಟು ಅಷ್ಟೇ ಕಾಣೋದು ಜನಕ್ಕೆ. ಆದ್ರೆ ಹಿತ್ತಿಲ ಬಾಗಿಲಿಗೆ ಹೋದ್ರೆ ಒಳಗಿಂದ ಒಂದು ಧ್ವನಿ ಬರತ್ತೆ, 'ಎಲ್ವಿನ್ನಾ?' ಅಂತ. ಆವಾಗ ನಂಗೂ ಒಂದು ಮುಖ ಬಂದ ಹಾಗಾಗತ್ತೆ."

ಡಬ್ಬಿ ತೆರೆಯದೆಯೇ ಮನೆಯ ಸಮಾಚಾರ ಅವರ ಕೈಗೆ ತಿಳಿಯುತ್ತದೆ. ಮೊಮ್ಮಕ್ಕಳು ಬಂದ ವಾರ ಎರಡು ಪಟ್ಟು ತೂಕ. ಹೆಂಡತಿ ಊರಲ್ಲಿಲ್ಲದ ವಾರ ಬರೀ ಮೊಟ್ಟೆ ಸಿಪ್ಪೆ, ಎತ್ತಿದರೆ ಗಲಗಲ. ಆದರೆ ಇದನ್ನೆಲ್ಲ ಅವರು ಯಾರ ಹತ್ತಿರವೂ ಆಡಿದವರಲ್ಲ. "ಇನ್ನೊಬ್ಬರ ಕಸಕ್ಕೆ ಕಣ್ಣು ಹಾಕೋನು, ಇನ್ನೊಬ್ಬರ ಕಿಟಕೀಲಿ ಇಣುಕೋನು, ಎರಡೂ ಒಂದೇ ಜಾತಿ. ಕೆಲಸಕ್ಕೆ ಸೇರಿದ ದಿನವೇ ನಮಗೆ ಹೇಳ್ಕೊಟ್ಟ ಮಾತು ಅದು."

ಆ ಮಾತಿಗೂ ಹಳೆಯದಾದ ಇನ್ನೊಂದು ಮಾತು ಅವರ ಮನೆಯಲ್ಲೇ ಇತ್ತು. ಎಲ್ವಿನ್ ಅವರ ತಂದೆ ಕಲ್ಲಿದ್ದಲು ಹೊರುತ್ತಿದ್ದವರು. ಗಣಿಯಿಂದ ನಿವೃತ್ತರಾದವರಿಗೆ, ಗಣಿಯಲ್ಲಿ ಗಂಡನನ್ನು ಕಳೆದುಕೊಂಡವರಿಗೆ ತಿಂಗಳಿಗಿಷ್ಟು ಎಂದು ಕಲ್ಲಿದ್ದಲು ಬರುತ್ತಿದ್ದ ಕಾಲ ಅದು. ಇದೇ ಹಿತ್ತಿಲ ಓಣಿಗಳಲ್ಲಿ, ಇದೇ ಮೆಟ್ಟಿಲುಗಳನ್ನು ಹತ್ತಿ, ಬೆನ್ನ ಮೇಲಿನ ಚೀಲವನ್ನು ಕಲ್ಲಿದ್ದಲ ಗೂಡಿಗೆ ಸುರಿಯುವುದು ಅವರ ಕೆಲಸ. ಸುರಿಯುವ ಮುಂಚೆ ಒಳಗೆ ಬಗ್ಗಿ, ಹಿಂದಿನ ತಿಂಗಳ ಗುಡ್ಡೆ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದರು. ಮಗನಿಗೂ ಹೇಳಿಕೊಟ್ಟಿದ್ದರು: "ಗುಡ್ಡೆ ತಗ್ಗಿಲ್ಲ ಅಂದ್ರೆ ಬಾಗಿಲು ತಟ್ಟು ಕಣೋ."

ಒಂದು ಜನವರಿಯಲ್ಲಿ ಒಬ್ಬ ಮುದುಕರ ಮನೆಯ ಗುಡ್ಡೆ ತಗ್ಗಿರಲಿಲ್ಲ. ತಂದೆ ಬಾಗಿಲು ತಟ್ಟಿದರು, ಒಳಗೆ ಹೋಗಿ ಅರ್ಧ ಗಂಟೆ ಕೂತರು. ಹೊರಗೆ ಬಂದವರೇ ದಾರಿಯಲ್ಲಿ ಸಿಕ್ಕ ನರ್ಸಮ್ಮನಿಗೆ ಒಂದು ಮಾತು, ಪ್ರಾರ್ಥನಾ ಮಂದಿರದ ಹಿರಿಯರಿಗೆ ಒಂದು ಮಾತು, ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದರು. ಹೊತ್ತು ಮುಳುಗುವುದರೊಳಗೆ ಮುದುಕರ ಒಲೆ ಹೊತ್ತಿತ್ತು, ಒಲೆಯ ಮೇಲೆ ಲೀಕ್ಸ್ ಎಂಬ ಈರುಳ್ಳಿ ಜಾತಿಯ ತರಕಾರಿ ಹಾಕಿದ ಕುರಿಮಾಂಸದ ಸಾರು ಕುದಿಯುತ್ತಿತ್ತು. ಬೆಳಿಗ್ಗೆ ಹೊಸ್ತಿಲ ಕಲ್ಲು ತಿಕ್ಕದ ಮನೆ, ಹತ್ತು ಗಂಟೆಯಾದರೂ ಪರದೆ ಸರಿಸದ ಮನೆ ಓಣಿಯ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಅರ್ಜಿ ಇರಲಿಲ್ಲ, ಕಡತ ಇರಲಿಲ್ಲ.

ಇದನ್ನೆಲ್ಲ ಹೇಳುವಾಗ ಎಲ್ವಿನ್ ಅವರ ಧ್ವನಿ ಮೆತ್ತಗಾಗುತ್ತದೆ. ಆಮೇಲೆ ತಾವೇ ಕೆಮ್ಮಿ ಸರಿಮಾಡಿಕೊಳ್ಳುತ್ತಾರೆ. "ಆಗ ಎಲ್ಲಾ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ ನಾನು. ಹೆಂಡ್ತಿಗೆ ಹೊಡೆಯೋನ ಬಾಗಿಲು ಯಾರೂ ತಟ್ಟುತಿರಲಿಲ್ಲ. ಅದು ಅವರ ಮನೆ ವಿಷಯ ಅಂತಿದ್ರು. ಅದೂ ಇತ್ತು."

ಹದಿನೇಳನೇ ಮನೆ ಟೆಗ್ವೆನ್ ಹ್ಯಾವರ್ಡ್ ಅವರದು. ಎಂಬತ್ತನಾಲ್ಕು ವರ್ಷ. ಮದುವೆಯಾದವರಲ್ಲ, ಒಡಹುಟ್ಟಿದವರಿಲ್ಲ. ಕಣಿವೆಯಲ್ಲಿ ನಲವತ್ತು ದಾಟಿದವರಿಗೆಲ್ಲ ಅವರು 'ಆಂಟಿ ಟೆಗ್'. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವರು. ಪುದೀನಾ ಹಾಕಿ ಬೇಯಿಸಿದ ಆಲೂಗಡ್ಡೆ, ಯಾರಿಗೂ ಬೇಡವಾದ ಎಲೆಕೋಸು, ಎಲ್ಲರಿಗೂ ಬೇಕಾದ ಕಸ್ಟರ್ಡು. ಊಟ ಮುಗಿಸಿದ ಮಕ್ಕಳು ಆಟಕ್ಕೆ ಓಡುವ ಮುನ್ನ ಬಾಗಿಲಲ್ಲಿ ನಿಂತು ಅವರಿಗೆ ತಟ್ಟೆ ತೋರಿಸಬೇಕಿತ್ತು.

"'ತಟ್ಟೆ ತೋರ್ಸು' ಅನ್ನೋರು. ಕೋಸು ಬಿಟ್ಟಿದ್ರೆ ವಾಪಸ್ಸು. ಕೋಸನ್ನ ಜೇಬಲ್ಲಿ ತುಂಬ್ಕೊಂಡು ಬಂದ್ರೂ ಗೊತ್ತಾಗೋದು ಅವರಿಗೆ. ಖಾಲಿ ಇದ್ರೆ ಗಲ್ಲ ತಟ್ಟಿ, 'ಹೋಗು ಬಾಖ್, ಆಟ ಆಡ್ಕೋ' ಅನ್ನೋರು."

ಬಾಖ್ ಎಂದರೆ ಆ ಕಡೆ ಕಂದ ಎಂದ ಹಾಗೆ. ಎಲ್ವಿನ್ ಏಳು ವರ್ಷದವರಿದ್ದಾಗ ಗಣಿ ಮುಷ್ಕರದ ಚಳಿಗಾಲ ಬಂತು. ಮನೆಗಳಲ್ಲಿ ಸಂಜೆಯ ಊಟ ತೆಳ್ಳಗಾಯಿತು. ಆ ವಾರಗಳಲ್ಲಿ ಆಂಟಿ ಟೆಗ್ ತಟ್ಟೆ ನೋಡಿ "ಹೋಗು" ಎನ್ನುವ ಬದಲು, "ಇದೇನೋ, ಇಷ್ಟು ಬೇಗ ಖಾಲಿ? ಸರಿಯಾಗಿ ತಿಂದಿಲ್ಲ ನೀನು, ನಡಿ ವಾಪಸ್ಸು" ಎಂದು ಗದರಿಸಿ ಮತ್ತೊಮ್ಮೆ ಬಡಿಸುತ್ತಿದ್ದರಂತೆ. ಕೊಡುತ್ತಿದ್ದೇನೆ ಎಂದು ಯಾರಿಗೂ ತೋರಗೊಡಲಿಲ್ಲ. ಬೈಯುತ್ತಿದ್ದೇನೆ ಎಂದೇ ತೋರಿಸಿದರು.

ಅವರ ಡಬ್ಬಿ ಯಾವಾಗಲೂ ಹಗುರ. ನಾಲ್ಕು ಸಿಪ್ಪೆ, ಟೀ ಚರಟ.

ಕಳೆದ ನವೆಂಬರಿನ ಮೊದಲ ಮಂಗಳವಾರ ಅದು ಭಾರವಾಗಿತ್ತು. ಎಲ್ವಿನ್ ಮುಚ್ಚಳ ತೆಗೆದರು. ವ್ಯಾನಿನಲ್ಲಿ ಮನೆಮನೆಗೆ ಬರುವ ಬಿಸಿಯೂಟದ ಎರಡು ಟ್ರೇಗಳು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಹಾಗೇ ಬಿದ್ದಿದ್ದವು. ಹಸಿರು ಡಬ್ಬಿಯಲ್ಲಿ ಪ್ಲಾಸ್ಟಿಕ್ ಕಂಡರೆ ಕಸ ಒಯ್ಯುವಂತಿಲ್ಲ, ಕೆಂಪು ಚೀಟಿ ಅಂಟಿಸಿ ಬರಬೇಕು. ಅಂಟಿಸಿ ಬಂದರು. ಎರಡನೇ ವಾರ ಟ್ರೇಗಳು ಆರಾಗಿದ್ದವು. ಮತ್ತೊಂದು ಕೆಂಪು ಚೀಟಿ. ಅಡುಗೆಮನೆಯ ಪರದೆ ಎಳೆದಿತ್ತು. "ಎಲ್ವಿನ್ನಾ?" ಎನ್ನುವ ಧ್ವನಿ ಬರಲಿಲ್ಲ.

"ವಯಸ್ಸಾಯ್ತು, ಮರೆವು ಬಂದಿರಬೇಕು ಅಂದ್ಕೊಂಡೆ. ಅಂದ್ಕೊಂಡು ಚೀಟಿ ಅಂಟಿಸ್ದೆ." ಇದನ್ನು ಹೇಳುವಾಗ ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಾರೆ, ಆ ಚೀಟಿಯ ಅಂಟು ಅಲ್ಲಿ ಇನ್ನೂ ಇದೆಯೇನೋ ಎಂಬಂತೆ.

ಮೂರನೇ ವಾರ ಡಬ್ಬಿಯ ಮುಚ್ಚಳ ಮುಚ್ಚಿರಲಿಲ್ಲ. ಎಣಿಸಿದರೆ ಹನ್ನೊಂದು ಊಟ. ಮೂರನೇ ಚೀಟಿ ಬಿದ್ದರೆ ಮನೆಯವರಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆ. ಎಲ್ವಿನ್ ಚೀಟಿಯ ಬೆನ್ನು ಸುಲಿದು ಕೈಯಲ್ಲಿ ಹಿಡಿದಿದ್ದರು. ಆಗ ಕಂಡಿದ್ದು ಎಲ್ಲಕ್ಕೂ ಮೇಲಿದ್ದ ಟ್ರೇಯ ಮೂಲೆಯ ಪುಟ್ಟ ಬಟ್ಟಲು. ಅದರ ತುಂಬ ಕಸ್ಟರ್ಡು. ಚಮಚ ಮುಟ್ಟಿಲ್ಲ, ಕೆನೆ ಒಡೆದಿಲ್ಲ.

ಮರೆವು ಬಂದವರು ಕನ್ನಡಕ ಮರೆಯಬಹುದು, ವಾರ ಮರೆಯಬಹುದು. ಆಂಟಿ ಟೆಗ್ ಒಂದು ಬಟ್ಟಲು ಕಸ್ಟರ್ಡನ್ನು ಕಸಕ್ಕೆ ಎಸೆಯುವುದೆಂದರೆ ಅದು ಎಲ್ವಿನ್ ಅವರ ತಲೆಯೊಳಗೆ ಹೋಗಲೇ ಇಲ್ಲ. ಚೀಟಿಯನ್ನು ಕೋಟಿನ ತೋಳಿಗೆ ಅಂಟಿಸಿಕೊಂಡು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ತಾನಾಗಿ ಒಂದು ಮನೆಯ ಬಾಗಿಲು ತಟ್ಟಿದರು.

ತೆರೆದವನು ಮೂವತ್ತು ಮೂವತ್ತೈದರ ಗಂಡಸು. ಬರಿಗಾಲು, ಕೈಯಲ್ಲಿ ಬಿಯರ್ ಡಬ್ಬಿ.

"ಏನು?"

"ಮಿಸ್ ಹ್ಯಾವರ್ಡ್ ಇದಾರಾ?"

"ಮಲಗಿದಾಳೆ. ನಾನು ಅವಳ ಅಣ್ಣನ ಮಗ, ಶೇನ್. ಕಸ ಒಯ್ಯೋಕೆ ಬಂದವನು ಕಸ ಒಯ್ಯಿ."

ಬಾಗಿಲು ಬಡಿಯಿತು. ಎಲ್ವಿನ್ ಒಂಬತ್ತು ಮೆಟ್ಟಿಲು ಹೇಗೆ ಇಳಿದರೋ ಅವರಿಗೇ ನೆನಪಿಲ್ಲ. ಲಾರಿಯ ಬಳಿ ನಿಂತು ಕೇಳಿದರು: "ಮಾಲ್ಡ್, ಆಂಟಿ ಟೆಗ್‌ಗೆ ಅಣ್ಣ ಇದ್ರಾ?"

"ತಲೆ ಕೆಟ್ಟಿದ್ಯೇನೋ? ಒಬ್ಬಳೇ ಮಗಳು. ನೆನಪಿಲ್ವಾ? 'ನಂಗೆ ಒಡಹುಟ್ಟಿದವರಿಲ್ಲ ಅಂತ ಪಾಪ ನೋಡಿ, ದೇವರು ನಿಮ್ಮಂಥ ಇನ್ನೂರು ಪಿಶಾಚಿಗಳನ್ನ ಕೊಟ್ಟ' ಅಂತಿದ್ರಲ್ಲ."

"ಒಳಗೊಬ್ಬ ಅಣ್ಣನ ಮಗ ಕೂತಿದಾನೆ."

ಮಾಲ್ಡ್ವಿನ್ ಎಂಜಿನ್ ಆರಿಸಿದರು.

ಲಾರಿಯ ಮುಂಭಾಗದಲ್ಲಿ ಕೂತು ಎಲ್ವಿನ್ ಕೌನ್ಸಿಲ್‌ಗೆ ಫೋನು ಹಚ್ಚಿದರು. ತೆರಿಗೆಗೆ ಒಂದು ಒತ್ತಿ, ರಸ್ತೆಗುಂಡಿಗೆ ಎರಡು ಒತ್ತಿ. ವಯಸ್ಸಾದವರ ಬಗ್ಗೆ ಭಯವಿದ್ದರೆ ಎಷ್ಟು ಒತ್ತಬೇಕೆಂದು ತಿಳಿಯುವಷ್ಟರಲ್ಲಿ ಓಣಿಯ ಬಾಯಲ್ಲಿ ಆರು ಕಾರುಗಳು ನಿಂತು ಹಾರ್ನ್ ಬಡಿಯುತ್ತಿದ್ದವು. ಮಾಲ್ಡ್ವಿನ್ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ, "ಕಾಯ್ರಪ್ಪಾ! ನಿಮ್ಮಜ್ಜಿ ವಿಷ್ಯವೇ ಮಾತಾಡ್ತಿರೋದು!" ಎಂದು ಕೂಗಿದರು. ಅಜ್ಜಿ ಎಂದಮೇಲೆ ಹಾರ್ನ್‌ಗಳು ನಿಂತವು.

ಎಲ್ವಿನ್ ಅವರಿಗೆ ಎರಡು ಭಯ. ಒಳಗೆ ಆಂಟಿ ಟೆಗ್ ಹೇಗಿದ್ದಾರೋ ಎಂಬುದು ಒಂದು. ಇನ್ನೊಬ್ಬರ ಡಬ್ಬಿಯಲ್ಲಿ ಕೈಯಾಡಿಸಿ ಎಣಿಸಿದೆನಲ್ಲ, ಇದಕ್ಕೆ ಕೆಲಸ ಹೋದೀತೇ ಎಂಬುದು ಇನ್ನೊಂದು.

ಆ ಕಡೆ ಫೋನು ಎತ್ತಿದವರು ನೆರಿಸ್, ಅಪಾಯದಲ್ಲಿರುವ ವಯಸ್ಕರ ರಕ್ಷಣೆಯ ವಿಭಾಗದ ಸಮಾಜ ಕಾರ್ಯಕರ್ತೆ. ಬೈಯಲಿಲ್ಲ. ಎಷ್ಟು ಊಟ, ಎಷ್ಟು ವಾರ, ಕೊನೆಯ ಸಲ ಅವರ ಧ್ವನಿ ಕೇಳಿದ್ದು ಯಾವಾಗ ಎಂದಷ್ಟೇ ಕೇಳಿದರು. ಕೇಳಿ ಬರೆದುಕೊಂಡು, ಫೋನಿಟ್ಟು, ಬೇರೆ ಬೇರೆ ಕಡೆ ಫೋನು ಹಚ್ಚಿದರು.

ಮಧ್ಯಾಹ್ನದೊಳಗೆ ಸಿಕ್ಕಿದ್ದು ಇದು. ಬಿಸಿಯೂಟದ ವ್ಯಾನಿನ ಪುಸ್ತಕದಲ್ಲಿ ಪ್ರತಿದಿನವೂ 'ಊಟ ಕೊಟ್ಟಿದೆ, ಸಂಬಂಧಿಕರು ಪಡೆದರು' ಎಂದಿತ್ತು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಬರುವ ನರ್ಸ್ ಮೂರು ಸಲ ಬಾಗಿಲಿಂದಲೇ ಹಿಂದಿರುಗಿದ್ದರು. 'ಮಲಗಿದ್ದಾರಂತೆ, ಬೇರೆ ದಿನ ಕೊಟ್ಟಿದೆ.' ರಾತ್ರಿ ಗಲಾಟೆ ಎಂದು ಪಕ್ಕದ ಮನೆಯವರು ಕೊಟ್ಟ ದೂರು ಪೊಲೀಸರ ಕಡತದಲ್ಲಿತ್ತು. 'ಎಚ್ಚರಿಕೆ ಕೊಟ್ಟು ಮುಗಿಸಿದೆ.' ಬರೆದವರಾರೂ ಸುಳ್ಳು ಬರೆದಿರಲಿಲ್ಲ. ಹೊರಗಿನ ಜನವೂ ಕೇಡು ಬಗೆದಿರಲಿಲ್ಲ. ಛಾವಣಿಯಂಚಿನ ಸೋರುವ ನೀರಿನ ದೋಣಿ ಸರಿಮಾಡಲು ಬಂದ ಶೇನ್ ಅಲ್ಲೇ ಉಳಿದುಬಿಟ್ಟಾಗ ಅಂಗಡಿಯಲ್ಲಿ ಆಡಿಕೊಂಡ ಮಾತು: "ಪಾಪ, ಕೊನೆಗಾಲಕ್ಕೆ ಒಬ್ಬ ಸಿಕ್ಕ ಅವರಿಗೆ."

"ನಮ್ಮೆಲ್ಲರ ಕೈಲೂ ಒಂದೊಂದು ಚೂರಿತ್ತು," ಎನ್ನುತ್ತಾರೆ ನೆರಿಸ್. "ಎಲ್ವಿನ್ ಅವರ ಚೂರು ಬಂದಮೇಲೇ ಎಲ್ಲಾನೂ ಒಂದೇ ಮೇಜಿನ ಮೇಲಿಟ್ಟು ನೋಡಿದ್ದು."

ಆ ಮೇಜು ಗ್ರಂಥಾಲಯದ ಮಹಡಿಯಲ್ಲಿತ್ತು. ಅದೇ ದಿನ ಎರಡೂವರೆಗೆ ಸಭೆ. ನೆರಿಸ್ ಎಲ್ವಿನ್ ಅವರನ್ನೂ ಕರೆದಿದ್ದರು. ಪಾಳಿ ಮುಗಿಸಿ ಹಳದಿ ಕೋಟಿನಲ್ಲೇ ಬಂದವರು ಗೋಡೆಗೂ ತಾಗದಂತೆ ನಿಂತರು.

"ಕೂತ್ಕೊಳ್ಳಿ," ಎಂದರು ನೆರಿಸ್.

"ಬೇಡ ಮೇಡಂ. ಬಟ್ಟೆ ಕುರ್ಚಿ. ಹಾಳಾಗತ್ತೆ."

ಕಂಡದ್ದನ್ನು ಹೇಳಿದರು. ಪೊಲೀಸ್ ಅಧಿಕಾರಿಣಿ ಕೇಳಿದರು: "ಅವರೇ ಎಸೆದಿಲ್ಲ ಅಂತ ಹೇಗೆ ಹೇಳ್ತೀರಿ? ವಯಸ್ಸಾದವರಿಗೆ ಊಟ ಸೇರದೇ ಇರಬಹುದಲ್ಲ?"

ಎಲ್ವಿನ್ ತಮ್ಮ ಟೊಪ್ಪಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರು. "ಕಸ್ಟರ್ಡ್ ಇತ್ತು ಮೇಡಂ. ಆ ಕೈ ಕಸ್ಟರ್ಡ್ ಎಸೆಯಲ್ಲ."

ಯಾರೋ ನಗಲು ಹೊರಟರು. ಆದರೆ ಮೇಜಿನ ಆ ತುದಿಯಲ್ಲಿದ್ದ ನರ್ಸ್, ಅವರೂ ಇದೇ ಕಣಿವೆಯವರು, ಐವತ್ತೈದರ ಹೆಂಗಸು, ತಲೆ ತಗ್ಗಿಸಿ ತಮ್ಮ ಕಾಗದಗಳನ್ನು ನೋಡುತ್ತಾ ಮೆಲ್ಲಗೆ ಹೇಳಿದರು: "ನಂಗೂ ತಟ್ಟೆ ತೋರ್ಸು ಅಂತಿದ್ರು. ಆ ಮನೆ ಬಾಗಿಲಿಂದ ಮೂರು ಸಲ ವಾಪಸ್ ಬಂದೆನಲ್ಲ ನಾನು."

ಪೊಲೀಸ್ ಅಧಿಕಾರಿಣಿ ಕಸ್ಟರ್ಡಿನ ಮಾತನ್ನೂ ಬರೆದುಕೊಂಡರು.

ಹೇಗೆ ಒಳಗೆ ಹೋಗುವುದು ಎಂಬುದೇ ತೊಡಕು. ಪೊಲೀಸರು ಮುಂದೆ ನಿಂತರೆ ಶೇನ್ ಬಾಗಿಲು ತೆರೆಯದೆ, ಒಳಗೆ ಟೆಗ್ವೆನ್ ಅವರನ್ನು ಹೆದರಿಸಿ ಸುಮ್ಮನಾಗಿಸಬಹುದು. ನರ್ಸ್ ಹೋದರೆ ಮತ್ತೆ 'ಮಲಗಿದ್ದಾಳೆ'. ಅವನು ತಪ್ಪದೆ ಬಾಗಿಲು ತೆರೆಯುವುದು ದಿನಕ್ಕೊಮ್ಮೆ, ಹನ್ನೆರಡಕ್ಕೆ ಊಟ ಬಂದಾಗ. ವ್ಯಾನಿನವರು ಒಳಗೆ ಕಾಲಿಡದಂತೆ ಹೊಸ್ತಿಲಲ್ಲೇ ಟ್ರೇ ಕಸಿದುಕೊಳ್ಳಲು. ಹಾಗಾದರೆ ಊಟದ ಜೊತೆಗೇ ಹೋಗೋಣ ಎಂದರು ನೆರಿಸ್. ಕೇಳುವ ಮೊದಲೇ ಎಲ್ವಿನ್ ಹೇಳಿದರು: "ಹಿಂದಿನ ಗೇಟಿಗೆ ಚಿಲಕ ಇಲ್ಲ. ಒಂಬತ್ತು ಮೆಟ್ಟಿಲು. ನಾಲ್ಕನೇದು ಅಲ್ಲಾಡತ್ತೆ, ಜೋಪಾನ."

ಮಾರನೆಯ ದಿನ ಹನ್ನೆರಡಕ್ಕೆ ವ್ಯಾನು ಎಂದಿನಂತೆ ಬಂತು. ಶೇನ್ ಎಂದಿನಂತೆ ಕೈ ಚಾಚಿದ. ಟ್ರೇ ಹಿಡಿದಿದ್ದವರು ನೆರಿಸ್, ಪಕ್ಕದಲ್ಲಿ ಚೀಲ ಹಿಡಿದ ನರ್ಸ್. "ಇವತ್ತು ಅವರ ಕೈಗೇ ಕೊಡ್ತೀವಿ," ಎಂದು ಅವನ ತೋಳಿನ ಪಕ್ಕದಿಂದ ಒಳಗೆ ಹೋದರು. ಬಾಯಿ ಜೋರು ಮಾಡಲು ತಿರುಗಿದವನಿಗೆ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಪೊಲೀಸರು ಕಂಡರು.

ಟೆಗ್ವೆನ್ ಮುಂದಿನ ಕೋಣೆಯಲ್ಲಿ ಕೋಟು ತೊಟ್ಟು, ಮಂಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಒಲೆ ತಣ್ಣಗಿತ್ತು. ಪಕ್ಕದಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣ. ಟ್ರೇ ನೋಡಿದವರೇ ಅವರು ಕೇಳಿದ ಮೊದಲ ಮಾತು: "ಊಟ ಮತ್ತೆ ಶುರುವಾಯ್ತಾ? ಕೌನ್ಸಿಲ್‌ನವರು ನಿಲ್ಲಿಸಿಬಿಟ್ರು ಅಂದ ಅವನು."

ಈ ಸಂಗತಿಯನ್ನು ಹೆಸರು ಸಮೇತ ಬರೆಯಲು ಒಪ್ಪಿದವರು ಟೆಗ್ವೆನ್ ಅವರೇ. "ಬರೀಲಿ ಬಿಡಿ," ಎನ್ನುತ್ತಾರೆ. "ನಾಚ್ಕೋಬೇಕಾದವಳು ನಾನಲ್ಲ." ಮೊದಮೊದಲು ಅವನು ಚಹಾ ಮಾಡಿಕೊಡುತ್ತಿದ್ದನಂತೆ, ಮಾತಾಡಿಸುತ್ತಿದ್ದನಂತೆ. ಆಮೇಲೆ ಬೀಗದ ಕೈ ಅವನ ಜೇಬು ಸೇರಿತು, ಬ್ಯಾಂಕಿನ ಕಾರ್ಡು ಸೇರಿತು, ಫೋನಿನ ತಂತಿ ಕಿತ್ತುಹೋಯಿತು. "ಯಾರಾದ್ರೂ ಬರ್ತಾರೆ ಅಂತ ಕಾದೆ. ಬರ್ತಿದ್ರು. ಬಾಗಿಲವರೆಗೆ ಬಂದು ಹೋಗ್ತಿದ್ರು. ಮಾತು ಕೇಳಿಸೋದು. ಕೂಗೋಣ ಅಂದ್ರೆ ಅವನು ನೋಡ್ತಿದ್ದ." ಶೇನ್ ಮೇಲಿನ ಮೊಕದ್ದಮೆ ಇನ್ನೂ ನ್ಯಾಯಾಲಯದಲ್ಲಿದೆ.

ಟೆಗ್ವೆನ್ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮುಂದೇನು ಎಂದು ಮತ್ತೆ ಅದೇ ಮೇಜಿನ ಸುತ್ತ ಸಭೆ ಕೂತಿತು. ವೃದ್ಧಾಶ್ರಮವೇ ಕ್ಷೇಮ ಎಂದವರಿದ್ದರು. ನೆರಿಸ್ ಆಸ್ಪತ್ರೆಗೆ ಹೋಗಿ ಟೆಗ್ವೆನ್ ಅವರನ್ನೇ ಕೇಳಿಕೊಂಡು ಬಂದು, ಅವರ ಮಾತನ್ನು ಹಾಗೇ ಓದಿದರು: "ನನ್ನ ಅಡುಗೆಮನೆ ನಂಗೆ ಬೇಕು. ಅದರ ಬೀಗ ನನ್ನ ಕೈಲಿರಬೇಕು." ಆ ಮಾತನ್ನು ಇಟ್ಟುಕೊಂಡೇ ಯೋಜನೆ ಹೆಣೆದರು. ಬಾಗಿಲಿಗೆ ಹೊಸ ಬೀಗ. ಬ್ಯಾಂಕಿನವರಿಂದ ಹೊಸ ಕಾರ್ಡು. ಅಗ್ನಿಶಾಮಕದವರು ಬಂದು ಹೊಗೆಗಂಟೆ ಕೂರಿಸಿದರು. ನರ್ಸ್ ವಾರಕ್ಕೆರಡು ಸಲ. ಊಟದ ವ್ಯಾನಿನವರು ಟ್ರೇಯನ್ನು ಅವರ ಕೈಗೇ ಕೊಟ್ಟು ಮುಖ ನೋಡಿ ಬರಬೇಕು. ಆ ಕಾಗದದ ಕೊನೆಯಲ್ಲಿ ಒಂದು ಸಾಲು: 'ಮಂಗಳವಾರ, ಹಸಿರು ಡಬ್ಬಿ, ಎಲ್ವಿನ್ ಪ್ರಾಬರ್ಟ್.'

"ಅಷ್ಟು ದೊಡ್ಡವರ ಹೆಸರುಗಳ ಕೆಳಗೆ ನನ್ನ ಹೆಸರು," ಎನ್ನುತ್ತಾರೆ ಎಲ್ವಿನ್. "ನೆರಿಸ್ ಮೇಡಂ ತೋರ್ಸಿದ್ರು. ಎರಡು ಸಲ ಓದ್ದೆ."

ಆದರೆ ಅವರ ಮನಸ್ಸಿನ ಮುಳ್ಳು ಹೋಗಿರಲಿಲ್ಲ. ಆ ಎರಡು ಕೆಂಪು ಚೀಟಿಗಳನ್ನು ಡಬ್ಬಿಯಿಂದ ಸುಲಿದು ತಂದು ತಮ್ಮ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿಕೊಂಡಿದ್ದಾರೆ. "ಅಪ್ಪ ಆಗಿದ್ರೆ ಮೊದಲ್ನೇ ವಾರಾನೇ ತಟ್ಟುತಿದ್ರು. ನಾನು ಮೂರು ವಾರ ತಗೊಂಡೆ. ಅಷ್ಟು ದಿನ ಅವರು ಬಿಸ್ಕತ್ತು ತಿಂದ್ಕೊಂಡು ಕೂತಿದ್ರು."

ಆ ಮುಳ್ಳೇ ಅವರನ್ನು ಮೇಲಧಿಕಾರಿಯ ಕೋಣೆಗೆ ಕಳಿಸಿತು. ಹಿತ್ತಿಲ ಪಟ್ಟಿಯ ಮನೆಗಳಿಗೆ ಬೇರೆ ಚೀಟಿ ಬೇಕು ಎಂದರು. ಚೀಟಿ ಬದಲಿಸಲು ಸಮಿತಿ ಒಪ್ಪಬೇಕು ಎಂದರು ಅಧಿಕಾರಿ. ಪ್ರತಿ ಸೋಮವಾರ ಹೋಗಿ ಆ ಕೋಣೆಯ ಬಾಗಿಲಲ್ಲಿ ಟೊಪ್ಪಿ ಹಿಡಿದು ನಿಂತರು. ಐದು ತಿಂಗಳ ನಂತರ, ಅವರ ಕಾಟ ತಡೆಯಲಾರದೆಯೋ ನೆರಿಸ್ ಬರೆದ ಪತ್ರದಿಂದಲೋ, ಹೊಸ ಚೀಟಿಗಳು ಅಚ್ಚಾಗಿ ಬಂದವು. ಬೆನ್ನು ಸುಲಿಯುವ ಜಾಗದಲ್ಲಿ ಒಂದು ಪ್ರಶ್ನೆ: 'ಬಾಗಿಲು ತಟ್ಟಿದಿರಾ?' ಅದರ ಕೆಳಗೆ ನೇರವಾಗಿ ನೆರಿಸ್ ಅವರ ವಿಭಾಗಕ್ಕೇ ಹೋಗುವ ಫೋನ್ ಸಂಖ್ಯೆ. ಒಂದನ್ನೂ ಎರಡನ್ನೂ ಒತ್ತಬೇಕಿಲ್ಲ.

ಅಲ್ಲಿಂದೀಚೆಗೆ ಕಣಿವೆಯ ನಾಲ್ಕು ಲಾರಿಗಳವರು ಸೇರಿ ಒಂಬತ್ತು ಬಾಗಿಲು ತಟ್ಟಿದ್ದಾರೆ. ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ ಒಬ್ಬರು ಸಿಕ್ಕರು. ಗಂಡನಿಗೆ ಮರೆವಿನ ಕಾಯಿಲೆ, ಯಾರಿಗೂ ಹೇಳಿಕೊಳ್ಳದೆ ತಾನೂ ಊಟ ಬಿಟ್ಟಿದ್ದ ಒಬ್ಬ ಹೆಂಗಸು ಸಿಕ್ಕರು. ಉಳಿದ ಏಳು ಕಡೆ ಏನೂ ಇರಲಿಲ್ಲ. "ಒಬ್ಬರಿಗೆ ಮೀನಿನ ಕಡುಬು ಸೇರ್ತಿರಲಿಲ್ಲ, ಅಷ್ಟೇ," ಎಂದು ಮಾಲ್ಡ್ವಿನ್ ನಗುತ್ತಾರೆ. "ಪೂರ್ತಿ ಹತ್ತು ನಿಮಿಷ ಬೈದ್ರು, ಇವನಿಗೇನೂ ಬೇಜಾರಿಲ್ಲ. ಜೋರಾಗಿ ಬೈತಿದಾರೆ, ಅಂದ್ರೆ ಚೆನ್ನಾಗಿದಾರೆ ಅಂತ ಖುಷಿಯಾಗಿ ಬಂದ."

ಬರುವ ನವೆಂಬರಿಗೆ ಎಲ್ವಿನ್ ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಗೆ ಏನು ಬೇಕು ಎಂದು ಜೊತೆಯವರು ಕೇಳಿದ್ದಾರೆ. ಗಡಿಯಾರ ಬೇಡ ಎಂದಿದ್ದಾರಂತೆ. "ಹಿತ್ತಿಲ ಪಟ್ಟಿ ಯಾರ ಕೈಗೆ ಹೋಗತ್ತೆ ಅಂತ ಮೊದ್ಲೇ ಹೇಳ್ಲಿ, ಸಾಕು. ಒಂದು ತಿಂಗಳು ಅವರನ್ನ ಜೊತೆಗೆ ಕರ್ಕೊಂಡು ಓಡಾಡ್ತೀನಿ. ಡಬ್ಬಿ ಎತ್ತಿ ಒಂದು ಗಳಿಗೆ ನಿಲ್ಲೋದನ್ನ ಕಲಿಸಿ ಹೋಗ್ತೀನಿ. ಅದನ್ನ ಬರ್ದು ಕೊಡೋಕಾಗಲ್ಲ."

ಈ ಮಂಗಳವಾರ ಹದಿನೇಳನೇ ಮನೆಯ ಖಾಲಿ ಡಬ್ಬಿಯನ್ನು ಹಿಂದಕ್ಕಿಡಲು ಅವರು ಮೆಟ್ಟಿಲು ಹತ್ತುವಾಗ ಅಡುಗೆಮನೆಯ ದೀಪ ಹೊತ್ತಿರುತ್ತದೆ. ನಾಲ್ಕನೇ ಮೆಟ್ಟಿಲು ಈಗ ಅಲ್ಲಾಡುವುದಿಲ್ಲ.

"ಎಲ್ವಿನ್ನಾ?"

"ಹೂಂ, ಆಂಟಿ ಟೆಗ್."

ಬೀಗ ತಿರುಗುವ ಸದ್ದು. ಬಾಗಿಲಲ್ಲಿ ಟೆಗ್ವೆನ್. ನಿಲುವಂಗಿಯ ಮೇಲೆ ಅಡುಗೆಯ ಮುಂಬಟ್ಟೆ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನಿನ್ನೆಯ ಊಟದ ಟ್ರೇ, ತೊಳೆದು ಒರೆಸಿದ್ದು. ಒಳಗಿಂದ ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಬೇಯಿಸುವ ಕೇಕಿನ ವಾಸನೆ.

"ಡಬ್ಬೀಲಿ ಸಿಪ್ಪೆ ಜಾಸ್ತಿ ಇತ್ತಲ್ಲ," ಎನ್ನುತ್ತಾರೆ ಎಲ್ವಿನ್.

"ಭಾನುವಾರ ನಾನೇ ಆಲೂಗಡ್ಡೆ ಬೇಯಿಸ್ಕೊಂಡೆ. ಅವರು ಕಳ್ಸೋದ್ರಲ್ಲಿ ಪುದೀನಾನೇ ಇರಲ್ಲ." ಎರಡು ಬಿಸಿ ಕೇಕನ್ನು ಕಾಗದದಲ್ಲಿ ಸುತ್ತಿ ಅವರ ಕೋಟಿನ ಜೇಬಿಗೆ ತುರುಕುತ್ತಾರೆ. "ಒಂದು ಆ ಮಾಲ್ಡ್ವಿನ್‌ಗೆ. ಅವನು ಕೋಸನ್ನ ಜೇಬಲ್ಲಿ ತುಂಬ್ಕೊಂಡು ಓಡ್ತಿದ್ನಲ್ಲ, ಮರೆತಿಲ್ಲ ನಾನು ಅಂತ ಹೇಳು."

ಆಮೇಲೆ, ಎಂದಿನಂತೆ, ತೊಳೆದ ಟ್ರೇಯನ್ನು ಅವರ ಮುಖದ ಮುಂದೆ ಹಿಡಿಯುತ್ತಾರೆ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿಸಿ ತೋರಿಸುತ್ತಾರೆ.

"ನೋಡ್ಕೊಂಡ್ಯಾ?"

"ನೋಡ್ದೆ, ಆಂಟಿ ಟೆಗ್."

"ಖಾಲಿ ಇದ್ಯಾ?"

"ಖಾಲಿ ಇದೆ."

"ಹಾಗಾದ್ರೆ ಹೋಗು ಬಾಖ್," ಎಂದು ಐವತ್ತೊಂಬತ್ತರ ಆ ಗಲ್ಲವನ್ನು ಮೆಲ್ಲಗೆ ತಟ್ಟುತ್ತಾರೆ. "ಆಟ ಆಡ್ಕೋ."